ನಲವತ್ತೊಂದು ಗುರುವಾರ

ನಮ್ಮೂರಲ್ಲಿ ತಾರೀಖು ಎಲ್ಲ ಊರುಗಳ ಹಾಗೆಯೇ ಓಡುತ್ತದೆ. ವಾರ ಮಾತ್ರ ಹಾಗಲ್ಲ. ಟಾಕೀಸಿನಲ್ಲಿ ಹೊಸ ಸಿನಿಮಾ ಬಿಡುಗಡೆ ಆಗದೆ ನಮಗೆ ಶುಕ್ರವಾರ ಬರುವುದಿಲ್ಲ. ಬೆಳಗಿನ ಹತ್ತೂವರೆಗೆ ಪರದೆಯ ಮೇಲೆ ಸೆನ್ಸಾರ್ ಸರ್ಟಿಫಿಕೇಟ್ ಮೂಡಿತೋ, ಆ ಕ್ಷಣಕ್ಕೆ ಊರಿಗೆಲ್ಲ ಶುಕ್ರವಾರ. ಅಲ್ಲಿಯವರೆಗೆ ಗುರುವಾರ. ಸಿನಿಮಾ ಎರಡು ದಿನ ಮುಂದೆ ಹೋದರೆ ಆ ಎರಡು ದಿನವೂ ಗುರುವಾರವೇ. ಸೂರ್ಯ ಹುಟ್ಟುತ್ತಾನೆ, ಮುಳುಗುತ್ತಾನೆ, ಹಾಲಿನವನು ಬರುತ್ತಾನೆ, ವಾರ ಮಾತ್ರ ಜಪ್ಪಯ್ಯ ಅಂದರೂ ಕದಲುವುದಿಲ್ಲ. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮಗೆ ಹೊರಗಿನವರೇ ವಿಚಿತ್ರ. ಯಾರ ಹಂಗೂ ಇಲ್ಲದೆ ಅವರಿಗೆ ಶುಕ್ರವಾರ ಹೇಗೆ ಬರುತ್ತದೋ!

ಸಾಮಾನ್ಯವಾಗಿ ತೊಂದರೆ ಆಗುತ್ತಿರಲಿಲ್ಲ. ಸಿನಿಮಾಗಳೇನು ಕಡಿಮೆಯೇ, ವಾರಕ್ಕೊಂದು ಬಂದೇ ಬರುತ್ತಿತ್ತು. ಎಂದಾದರೊಮ್ಮೆ ಗುರುವಾರ ಎರಡೋ ಮೂರೋ ದಿನ ಎಳೆದರೆ ಜನ ಹೊಂದಿಕೊಳ್ಳುತ್ತಿದ್ದರು. ಗುರುವಾರ ನಮ್ಮೂರಲ್ಲಿ ಯಾರೂ ಮೀನು ಮಾಂಸ ಮುಟ್ಟುವುದಿಲ್ಲ, ಕ್ಷೌರದಂಗಡಿಗೆ ರಜ, ಶಾಲೆಯಲ್ಲಿ ಲೆಕ್ಕದ ಪೀರಿಯಡ್ ಇಲ್ಲ, ಡ್ರಿಲ್ ಎರಡು. ಹೀಗಾಗಿ ಗುರುವಾರ ಎಳೆದರೆ ಮಕ್ಕಳಿಗೆ ಹಬ್ಬ, ಗಂಡಸರಿಗೆ ಗಡ್ಡ. ನನಗೆ ನೆನಪಿರುವ ಮಟ್ಟಿಗೆ ಎಲ್ಲಕ್ಕಿಂತ ಉದ್ದದ ಗುರುವಾರ ಒಂಬತ್ತು ದಿನದ್ದು. ನಾನು ಹೇಳುತ್ತಿರುವುದು ಅದರ ಅಪ್ಪನಂಥ ಗುರುವಾರದ ಕಥೆ.

ನನ್ನನ್ನು ಸಾಕಿದವಳು ನನ್ನ ದೊಡ್ಡಮ್ಮ, ಅಮ್ಮನ ಅಕ್ಕ ಅಂಬುಜಮ್ಮ. ಅಮ್ಮ ತೀರಿಕೊಂಡಾಗ ನನಗೆ ಮೂರು ವರ್ಷ. ದೊಡ್ಡಮ್ಮ ಮದುವೆಯಾದವಳಲ್ಲ. ಮನೆಯಲ್ಲಿ ನಾವಿಬ್ಬರೇ. ವಾರದ ಆರು ದಿನ ಅವಳ ಬಾಯಿಗೆ ಬಿಡುವಿರಲಿಲ್ಲ. ಹಾಲು ಉಕ್ಕಿದರೆ ಹಾಲಿನ ಜೊತೆ, ಬೆಕ್ಕು ಬಂದರೆ ಬೆಕ್ಕಿನ ಜೊತೆ ಮಾತಾಡುವವಳು. ಗುರುವಾರ ಮಾತ್ರ ಮೌನವ್ರತ. ಅದೂ ಎಂಥ ವ್ರತ! ಸನ್ನೆ ಮಾಡುವುದಿಲ್ಲ, ತಲೆ ಆಡಿಸುವುದಿಲ್ಲ, ಚೀಟಿ ಬರೆಯುವುದಿಲ್ಲ. "ಬರೆದ್ರೂ ಮಾತೇ, ತಲೆ ಆಡಿಸಿದ್ರೂ ಮಾತೇ. ಅರ್ಧಂಬರ್ಧ ಹಿಡಿಯೋಕೆ ಅದೇನು ವ್ರತಾನಾ, ಸೀರೆ ನೆರಿಗೇನಾ?" ಎನ್ನುತ್ತಿದ್ದಳು.

ಒಂದು ಬುಧವಾರ ಸಂಜೆ ಅವಳು ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದಾಗ ಧೈರ್ಯ ಮಾಡಿ ಕೇಳಿಬಿಟ್ಟೆ. "ದೊಡ್ಡಮ್ಮಾ, ನಾನು ಚಂದ್ರಹಾಸನ್ನ ಮದುವೆ ಆಗಬೇಕು ಅಂತಿದೀನಿ. ನೀನು ಏನಂತೀಯ?"

ಚಂದ್ರಹಾಸ ಟಾಕೀಸಿನ ಮ್ಯಾನೇಜರು. ಮ್ಯಾನೇಜರು ಅಂದರೆ ಟಿಕೆಟ್ ಹರಿಯುವವನೂ ಅವನೇ, ಪ್ರೊಜೆಕ್ಟರ್ ಓಡಿಸುವವನೂ ಅವನೇ. ಟಾಕೀಸಿನ ಮೇಲಿನ ಕೋಣೆಯಲ್ಲೇ ವಾಸ, ನಮ್ಮ ಮನೆಯಿಂದ ಎರಡು ಬೀದಿ ಆಚೆ. ಒಳ್ಳೆಯವನು, ಆದರೆ ಮಹಾ ಪುಕ್ಕಲ. ಸಿನಿಮಾದಲ್ಲಿ ಹಾವು ಬಂದರೆ ಪ್ರೊಜೆಕ್ಟರ್ ಪಕ್ಕದಲ್ಲಿ ಕಾಲು ಮೇಲೆತ್ತಿಕೊಂಡು ಕೂರುವವನು. ನನಗೆ ಮೂವತ್ತನಾಲ್ಕು, ಅವನಿಗೆ ಮೂವತ್ತೇಳು. ನಮಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ ನಿಜ. ಆದರೆ ದೊಡ್ಡಮ್ಮನ ಹೂಂ ಇಲ್ಲದೆ ನಾನು ಒಂದು ಡಜನ್ ಬಳೆ ಕೂಡ ಕೊಂಡವಳಲ್ಲ.

ದೊಡ್ಡಮ್ಮ ಬೆಳ್ಳುಳ್ಳಿ ಬಿಡಿಸುವುದನ್ನು ನಿಲ್ಲಿಸಿದಳು. "ಒಂದು ದಿನ ಯೋಚ್ನೆ ಮಾಡ್ತೀನಿ ಕಣೇ ವಾರಿ. ನಾಳೆ ಹೇಗೂ ಮಾತಿಲ್ಲ. ಶುಕ್ರವಾರ ಹೇಳ್ತೀನಿ" ಎಂದಳು.

ಆ ಶುಕ್ರವಾರಕ್ಕೆ ದೊಡ್ಡ ನಟನ ದೊಡ್ಡ ಸಿನಿಮಾ ಬರಬೇಕಿತ್ತು. ಅದರ ಕಟೌಟ್ ಆಗಲೇ ಟಾಕೀಸಿನ ಮುಂದೆ ನಿಂತಿತ್ತು. ಗುರುವಾರ ಮಧ್ಯಾಹ್ನ ಸುದ್ದಿ ಬಂತು: ಗ್ರಾಫಿಕ್ಸ್ ಮುಗಿದಿಲ್ಲ, ಬಿಡುಗಡೆ ಮುಂದಕ್ಕೆ. ಎಷ್ಟು ಮುಂದಕ್ಕೆ ಅಂತ ಯಾರಿಗೂ ಗೊತ್ತಿಲ್ಲ. ಅಷ್ಟು ದೊಡ್ಡ ಸಿನಿಮಾಕ್ಕೆ ಹೆದರಿ ಉಳಿದವರೆಲ್ಲ ತಮ್ಮ ತಮ್ಮ ಸಿನಿಮಾಗಳನ್ನು ಹಿಂದೆ ಮುಂದೆ ತಳ್ಳಿಕೊಂಡಿದ್ದರು. ನಮ್ಮ ಟಾಕೀಸು ಖಾಲಿ ಉಳಿಯಿತು, ನಾನು ಗುರುವಾರದಲ್ಲಿ ಉಳಿದೆ.

ಮೊದಲ ವಾರ ನಾನು ದೊಡ್ಡಮ್ಮನ ಮುಖ ಓದುವುದರಲ್ಲೇ ಕಳೆದೆ. ಮೂರನೇ ಗುರುವಾರ ಕಾಫಿಗೆ ಸಕ್ಕರೆ ಜಾಸ್ತಿ ಬಿದ್ದಿತ್ತು. ಇದು ಹೂಂ ಇರಬಹುದೇ? ಐದನೇ ಗುರುವಾರ ನನ್ನ ಅಮ್ಮನ ಮದುವೆ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿದಳು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಸಂಜೆ ಅದನ್ನೇ ಮಡಚಿ, ನುಸಿಗುಳಿಗೆ ಇಟ್ಟು, ಪೆಟ್ಟಿಗೆಯ ಅಡಿಗೆ ಸೇರಿಸಿದಳು. ಹಾಗಾದರೆ ಇಲ್ಲವೇ? ಕೇಳೋಣವೆಂದರೆ ವ್ರತದಲ್ಲಿರುವವಳನ್ನು ಒತ್ತಾಯ ಮಾಡಿದ ಹಾಗಾಗುತ್ತದೆ. ಊಟಕ್ಕೆ ಕೂತಾಗ ಊರಿನ ಮಾತೆಲ್ಲ ನಾನೇ ಆಡುತ್ತಿದ್ದೆ, ನನ್ನ ಪ್ರಶ್ನೆಗೆ ನಾನೇ ಉತ್ತರ ಹೇಳಿಕೊಳ್ಳುತ್ತಿದ್ದೆ. ಮದುವೆಯ ಮಾತು ಒಂದನ್ನು ಬಿಟ್ಟು.

ದಿನಕ್ಕೆ ಹತ್ತು ಸಲ ಫೋನಿನಲ್ಲಿ ಬಿಡುಗಡೆಯ ತಾರೀಖು ಹುಡುಕುತ್ತಿದ್ದೆ. ಒಂದು ಕಡೆ ಹದಿನೆಂಟು ಅಂತ, ಇನ್ನೊಂದು ಕಡೆ ಇಪ್ಪತ್ತೈದು ಅಂತ, ನಿರ್ಮಾಪಕರ ಜಾಹೀರಾತಿನಲ್ಲಿ "ಅತಿ ಶೀಘ್ರದಲ್ಲಿ" ಅಂತ. ಶೀಘ್ರಕ್ಕೂ ಅತಿ ಶೀಘ್ರಕ್ಕೂ ಎಷ್ಟು ದಿನದ ಅಂತರ ಅಂತ ಯಾವ ಪಂಚಾಂಗದಲ್ಲೂ ಬರೆದಿಲ್ಲ. ಕೊನೆಗೆ ತಲೆ ಚಿಟ್ಟು ಹಿಡಿದು, ಎಲ್ಲ ಸಿನಿಮಾಗಳ ಬಿಡುಗಡೆ ದಿನ ಒಂದೇ ಕಡೆ ಸಿಗುವ ಹಾಗೆ ನಾನೇ ಒಂದು ವೆಬ್‌ಸೈಟ್ ಮಾಡುತ್ತೇನೆ ಅಂತ ಕೂತೆ. ನನಗೆ ಬಸ್ ನಿಲ್ದಾಣದ ಎದುರು ಒಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ನಾಮಕರಣದ ಕಾರ್ಡು, ಶ್ರದ್ಧಾಂಜಲಿ ಫ್ಲೆಕ್ಸು ಮಾಡಿಕೊಡುತ್ತೇನೆ. ವೆಬ್‌ಸೈಟ್ ಮಾಡುವುದನ್ನೂ ಕಲಿತಿದ್ದೆ. ಆ ವಿದ್ಯೆಗೆ ಅಲ್ಲಿಯವರೆಗೆ ಸಿಕ್ಕಿದ್ದು ಒಂದೇ ಗಿರಾಕಿ, ಅಕ್ಕಿ ಗಿರಣಿಯವರು.

ನಾನು ಮೊದಲು ಮಾಡಿದ್ದು ನೋಡಲು ಭರ್ಜರಿಯಾಗಿತ್ತು. ಕಪ್ಪು ಹಿನ್ನೆಲೆ, ಅದರ ಮೇಲೆ ಜಾರುತ್ತ ಹೋಗುವ ಪೋಸ್ಟರುಗಳು, ನಾಯಕನ ಹೆಸರಿನಿಂದ ಹುಡುಕು, ನಿರ್ದೇಶಕನ ಹೆಸರಿನಿಂದ ಹುಡುಕು, ಟ್ರೇಲರು, ಹಾಡು, ಏಳು ಸಾಲಿನ ಕ್ಯಾಲೆಂಡರು. ಅದನ್ನು ಮೊದಲು ತೋರಿಸಿದ್ದು ಗುಲಾಬಿಗೆ. ಗುಲಾಬಿ ನನ್ನ ಅಂಗಡಿಯ ಪಕ್ಕದಲ್ಲಿ ಮೀನು ಮಾರುವವಳು. ಐವತ್ತು ದಾಟಿದ ಗಟ್ಟಿ ಹೆಂಗಸು. ಗುರುವಾರ ಮೀನು ಕೊಳ್ಳುವವರಿಲ್ಲದ್ದರಿಂದ ಖಾಲಿ ಬುಟ್ಟಿಯನ್ನು ಬೋರಲು ಹಾಕಿ ದಿನವಿಡೀ ನನ್ನ ಅಂಗಡಿಯಲ್ಲಿ ಕೂರುತ್ತಿದ್ದಳು.

ಅವಳು ಫೋನನ್ನು ಹಿಡಿದು ಅಲ್ಲಿ ಇಲ್ಲಿ ಒತ್ತಿದಳು. ನಾನು ಎಣಿಸುತ್ತಿದ್ದೆ. ಹನ್ನೊಂದು ಸಲ ಒತ್ತಿದ ಮೇಲೆ ಅವಳು ಹೋಗಿ ತಲುಪಿದ್ದು ನಾಯಕನ ಹುಟ್ಟುಹಬ್ಬಕ್ಕೆ. "ಚೆಂದಾಗೈತೆ ಕಣವ್ವಾ. ಆದ್ರೆ ಇದ್ರಲ್ಲಿ ಸುಕ್ರವಾರ ಎಲ್ಲೈತೆ?" ಎಂದಳು.

"ಕ್ಯಾಲೆಂಡರಿಗೆ ಹೋಗಿ, ಸಿನಿಮಾ ಹೆಸರು ಆರಿಸಿ..." ಎಂದು ಶುರು ಮಾಡಿದೆ.

"ಅವನ ಹುಟ್ಟಿದಬ್ಬ ಕಟ್ಕೊಂಡು ನನಗೇನಾಗಬೇಕವ್ವಾ? ನಾಳೆ ಮೀನು ತರಬೋದಾ ಬ್ಯಾಡ್ವಾ, ಅಷ್ಟು ಹೇಳಕ್ಕೆ ಹೇಳು ನಿನ್ನ ಮಿಸಿನ್ನಿಗೆ."

ಮೂಗಿಗಿಂತ ಮೂಗುತಿ ಭಾರ ಅನ್ನುವುದು ನನ್ನಂಥವರನ್ನು ನೋಡಿಯೇ ಹುಟ್ಟಿದ ಗಾದೆ. ಮನಸ್ಸಿಗೆ ಸ್ವಲ್ಪ ನೋವಾಯಿತು, ಆ ಜಾರುವ ಪೋಸ್ಟರಿಗೆ ನಾನು ಎರಡು ದಿನ ಒದ್ದಾಡಿದ್ದೆ. ಆದರೂ ಎಲ್ಲವನ್ನೂ ಕಿತ್ತು ಬಿಸಾಕಿದೆ. ಬಿಳಿ ಹಾಳೆ ಉಳಿಯಿತು. ಅದರ ಮೇಲೆ ಕನ್ನಡಕ ಇಲ್ಲದವರಿಗೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ ಒಂದೇ ಸಾಲು: "ನಾಳೆ ಗುರುವಾರ." ಅದರ ಕೆಳಗೆ ಚಿಕ್ಕದಾಗಿ, ಶುಕ್ರವಾರ ಯಾವ ತಾರೀಖಿಗೆ, ಯಾವ ಸಿನಿಮಾದಿಂದ. ತೆರೆದರೆ ಉತ್ತರ, ಒತ್ತುವುದಕ್ಕೆ ಏನೂ ಇಲ್ಲ. ಸಂಜೆಯೊಳಗೆ ಇನ್ನೂರು ಜನ ತೆರೆದು ನೋಡಿದರು.

ಆದರೆ ತಾರೀಖು ಹಾಕುವುದು ಸುಲಭ, ಹಾಕಿದ್ದು ನಿಲ್ಲಬೇಕಲ್ಲ. ಹದಿನೆಂಟು ಅಂತ ಹಾಕಿದೆ, ಇಪ್ಪತ್ತೆರಡಕ್ಕೆ ಹೋಯಿತು. ಹದಿನೆಂಟನ್ನು ನಂಬಿ ಮೀನು ತರಿಸಿದ್ದ ಗುಲಾಬಿ ಅಷ್ಟನ್ನೂ ಬೆಕ್ಕುಗಳಿಗೆ ಹಾಕಿ, ನನ್ನ ಅಂಗಡಿಗೆ ಬಂದು ಒಂದು ಗಂಟೆ ಮಾತಾಡದೆ ಕೂತಳು. ಬೈದಿದ್ದರೆ ಚೆನ್ನಾಗಿತ್ತು. ಆವತ್ತು ನನಗೆ ಬುದ್ಧಿ ಬಂತು. ಪ್ರತಿ ತಾರೀಖಿನ ಪಕ್ಕ ಒಂದು ಮಾತು ಸೇರಿಸಿದೆ. ನಿರ್ಮಾಪಕರು ಬರೆದು ಕೊಟ್ಟಿದ್ದರೆ "ಖಚಿತ". ಯಾರೋ ಯಾರಿಗೋ ಹೇಳಿದ್ದಾದರೆ "ಅಂತೆ". ಉಳಿದದ್ದಕ್ಕೆ "ಗೊತ್ತಿಲ್ಲ". ಗೊತ್ತಿಲ್ಲ ಅಂತ ಬರೆಯುವುದಕ್ಕೆ ಮೊದಮೊದಲು ನಾಚಿಕೆಯಾಗುತ್ತಿತ್ತು. ವಿಚಿತ್ರವೆಂದರೆ ಜನಕ್ಕೆ ಅದೇ ಇಷ್ಟವಾಯಿತು.

ಮುಂದಿನ ಉಪಾಯ ತಿಪ್ಪೇಸ್ವಾಮಿ ಮೇಷ್ಟ್ರದು. ಹೈಸ್ಕೂಲಿನ ಹೆಡ್ಮಾಸ್ಟರು ಅವರು. ಅಷ್ಟು ಹೊತ್ತಿಗೆ ಗುರುವಾರ ಇಪ್ಪತ್ತೈದು ಮುಗಿದು, ಮಕ್ಕಳು ಲೆಕ್ಕ ಮರೆತು, ಡ್ರಿಲ್ ಮಾಡಿ ಮಾಡಿ ಕರಿಬೇವಿನ ಕಡ್ಡಿಗಳಂತೆ ಆಗಿದ್ದರು. "ವಾರಿಜಾ, ಪಾರ್ಸೆಲ್ ಎಲ್ಲಿವರೆಗೆ ಬಂತು ಅಂತ ಫೋನಲ್ಲಿ ತೋರಿಸ್ತಾರಲ್ಲಮ್ಮ. ಹಾಗೇ ಸಿನಿಮಾ ಎಲ್ಲಿವರೆಗೆ ಬಂತು ಅಂತ ತೋರಿಸೋಕಾಗಲ್ವಾ?" ಎಂದು ಗಡ್ಡ ಕೆರೆಯುತ್ತ ಕೇಳಿದರು. ಒಳ್ಳೆಯ ಮಾತು ಅನ್ನಿಸಿತು. ಪ್ರತಿ ಸಿನಿಮಾಕ್ಕೂ ನಾಲ್ಕು ಮೆಟ್ಟಿಲು ಮಾಡಿದೆ: ಚಿತ್ರೀಕರಣ ಮುಗಿಯಿತು, ಸೆನ್ಸಾರ್ ಆಯಿತು, ವಿತರಕರ ಕೈಗೆ ಬಂತು, ನಮ್ಮ ಟಾಕೀಸಿಗೆ ಬಾಕ್ಸ್ ಬಂತು. ಸಿನಿಮಾ ತುಂಬಿದ ಹಾರ್ಡ್ ಡಿಸ್ಕ್ ಇರುವ ಪುಟ್ಟ ಪೆಟ್ಟಿಗೆಗೆ ಟಾಕೀಸಿನವರು ಬಾಕ್ಸ್ ಅನ್ನುತ್ತಾರೆ. ಮೊದಲ ಮೂರು ಮೆಟ್ಟಿಲಿಗೆ ನಾನು ಊರೂರಿಗೆ ಫೋನ್ ಮಾಡಿ ವಿಚಾರಿಸುತ್ತಿದ್ದೆ. ನಾಲ್ಕನೆಯದಕ್ಕೆ ಫೋನ್ ಯಾಕೆ, ಚಂದ್ರಹಾಸ ಇದ್ದನಲ್ಲ. "ಬಾಕ್ಸ್ ಬಂತಾ?" ಅಂತ ದಿನಾ ಕೇಳುತ್ತಿದ್ದೆ. "ಇಲ್ಲ ಕಣೆ" ಅನ್ನುತ್ತಿದ್ದ. ಅವನ ಬಾಯಿಮಾತನ್ನು ನಾನು "ಖಚಿತ" ಅಂತಲೇ ಹಾಕುತ್ತಿದ್ದೆ.

ಚಂದ್ರಹಾಸ ಆ ದಿನಗಳಲ್ಲಿ ಬಹಳ ಬಡವಾಗಿದ್ದ. ಗಡ್ಡ ಎದೆಗೆ ಬರುತ್ತಿತ್ತು. ಸಂಜೆ ಐದಕ್ಕೆ ತಪ್ಪದೆ ನಮ್ಮ ಮನೆಗೆ ಹೋಗಿ ಜಗಲಿಯಲ್ಲಿ ದೊಡ್ಡಮ್ಮನ ಪಕ್ಕ ಕೂರುತ್ತಿದ್ದ. ನಾನು ಅಂಗಡಿ ಮುಚ್ಚಿ ಏಳಕ್ಕೆ ಬರುವಾಗ ಇಬ್ಬರೂ ಅವರೆಕಾಯಿ ಸುಲಿಯುತ್ತಲೋ, ಬೆಳ್ಳುಳ್ಳಿ ಬಿಡಿಸುತ್ತಲೋ ಇರುತ್ತಿದ್ದರು. "ಏನು ಮಾಡ್ತೀಯ ಮಾತಾಡದೇ ಇರೋರ ಹತ್ರ?" ಅಂದರೆ, "ಸುಮ್ನೆ ಕೂತಿರ್ತೀನಿ" ಅನ್ನುತ್ತಿದ್ದ. ನನಗೆ ಒಳಗೊಳಗೇ ಹೆಮ್ಮೆ. ದೊಡ್ಡಮ್ಮನ ಮನಸ್ಸು ಗೆಲ್ಲಲು ಒದ್ದಾಡುತ್ತಿದ್ದಾನೆ ಪಾಪ ಅಂದುಕೊಂಡಿದ್ದೆ.

ನಲವತ್ತನೇ ಗುರುವಾರ ಮಧ್ಯಾಹ್ನ ಪಟ್ಟಿ ತಿದ್ದುತ್ತಿದ್ದಾಗ ಒಂದು ಸಣ್ಣ ಸಿನಿಮಾ ಕಣ್ಣಿಗೆ ಬಿತ್ತು. ಕಳೆದುಹೋದ ಎಮ್ಮೆಯನ್ನು ಅಣ್ಣತಮ್ಮ ಇಬ್ಬರು ಹುಡುಕಿಕೊಂಡು ಹೋಗುವ ಕಥೆಯಂತೆ, ಎಲ್ಲರೂ ಹೊಸಬರು. ಅದು ಹೊರಗೆಲ್ಲ ಬಿಡುಗಡೆಯಾಗಿ ಆಗಲೇ ಮೂರು ವಾರ ಕಳೆದಿತ್ತು. ನಮ್ಮ ಪಟ್ಟಿಯಲ್ಲಿ ಮಾತ್ರ ಮೂರನೇ ಮೆಟ್ಟಿಲಲ್ಲೇ ನಿಂತಿತ್ತು. ಯಾಕಿರಬಹುದು ಅಂತ ಕುತೂಹಲವಾಗಿ ವಿತರಕರ ಕಚೇರಿಗೆ ಫೋನ್ ಮಾಡಿದೆ. ಆ ಕಡೆಯ ಗುಮಾಸ್ತ ರಿಜಿಸ್ಟರ್ ಮಗುಚುವ ಸದ್ದು ಕೇಳಿಸಿತು.

"ನಿಮ್ಮೂರಿಗೆ ಕಳಿಸಿ ಇಪ್ಪತ್ತೊಂದು ದಿನ ಆಯ್ತಲ್ಲ ಮೇಡಂ. ಸಹಿ ಹಾಕಿ ತಗೊಂಡಿದಾರೆ."

"ಯಾರು ತಗೊಂಡಿದಾರೆ?"

"ಚಂದ್ರಹಾಸ ಅಂತಿದೆ. ದುಂಡಗೆ ಬರೆದಿದಾರೆ, ಚೆನ್ನಾಗಿದೆ ಅಕ್ಷರ."

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನನ್ನ ಪಾಡು. ಅಂಗಡಿಯ ಬಾಗಿಲೂ ಹಾಕದೆ ಟಾಕೀಸಿಗೆ ಹೋದೆ. ಚಂದ್ರಹಾಸ ಖಾಲಿ ಕುರ್ಚಿಗಳ ಧೂಳು ಒರೆಸುತ್ತಿದ್ದ. "ಬಾಕ್ಸ್ ಎಲ್ಲಿ?" ಎಂದೆ. ಅವನು ಯಾವ ಬಾಕ್ಸ್ ಅಂತ ಕೇಳಲಿಲ್ಲ. ಬಟ್ಟೆಯನ್ನು ಮಡಚಿ ಕುರ್ಚಿಯ ಮೇಲಿಟ್ಟು, ಮೇಲೆ ಹೋಗಿ, ಹಳೇ ರೀಲು ಡಬ್ಬಿಗಳ ಹಿಂದಿನಿಂದ ತಂದು ನನ್ನ ಮುಂದೆ ಇಟ್ಟ. ಅದರ ಸೀಲು ಒಡೆದಿರಲಿಲ್ಲ.

"ಯಾಕೆ?" ಎಂದೆ.

"ಗುರುವಾರ ಇರೋ ತನಕ ದೊಡ್ಡಮ್ಮನಿಗೆ ಇಲ್ಲ ಅನ್ನೋಕೆ ಆಗಲ್ವಲ್ಲ ವಾರಿಜಾ" ಎಂದ. "ಒಂದೇ ದಿನ ತಡೆಯೋಣ ಅಂದ್ಕೊಂಡೆ. ಆಮೇಲೆ ದಿನಾ ಬೆಳಗ್ಗೆ ಎದ್ದು ಒಂದೇ ದಿನ ಅಂದ್ಕೊಂಡೆ" ಎಂದ.

ನಾನು ಕೂಗಾಡಿದೆ. ಗುಲಾಬಿ ಮೂರು ವಾರದಿಂದ ಒಂದು ಮೀನೂ ಮಾರಿಲ್ಲ, ಮಕ್ಕಳಿಗೆ ಒಂದು ಲೆಕ್ಕವೂ ಬರುವುದಿಲ್ಲ, ಊರಿಗೆ ಊರೇ ಗಡ್ಡ ಬಿಟ್ಟುಕೊಂಡು ಕೂತಿದೆ, ನನ್ನ ಸೈಟಿನಲ್ಲಿ ನಾನು ಹದಿನೈದು ದಿನ ಸುಳ್ಳನ್ನು ಖಚಿತ ಅಂತ ಬರೆದಿದ್ದೇನೆ ಅಂತೆಲ್ಲ ಹೇಳಿದೆ. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಕೂಗುತ್ತಿದ್ದಾಗಲೇ ಮನಸ್ಸಿನ ಒಂದು ಮೂಲೆಯಲ್ಲಿ ನನಗೆ ಖುಷಿಯೂ ಆಗುತ್ತಿತ್ತು. ನನ್ನನ್ನು ಕಳೆದುಕೊಳ್ಳುವ ಭಯಕ್ಕೆ ಒಬ್ಬ ಇಡೀ ಊರನ್ನೇ ನಿಲ್ಲಿಸಿದ್ದ. ಆ ಖುಷಿಗೆ ನಾಚಿಕೆಯಾಗಿ ಇನ್ನೂ ಜೋರಾಗಿ ಕೂಗಿದೆ.

"ನಾಳೆ ಹತ್ತೂವರೆಗೆ ಈ ಸಿನಿಮಾ ಹಾಕ್ತೀಯ. ಹಾಕೋಕೆ ಮುಂಚೆ ಪರದೆ ಮುಂದೆ ನಿಂತು ಊರಿಗೆ ನಿಜ ಹೇಳ್ತೀಯ" ಎಂದೆ.

"ಹೊಡೀತಾರೆ."

"ಹೊಡೀಲಿ."

"ದೊಡ್ಡಮ್ಮನೂ ಬರ್ತಾರಾ?"

"ನಾನೇ ಕರ್ಕೊಂಡು ಬರ್ತೀನಿ" ಎಂದೆ. ಅವನು ತಲೆ ತಗ್ಗಿಸಿ ಸೀಲು ಒಡೆಯತೊಡಗಿದ. ಅವನು ಮಾಡಿದ್ದನ್ನು ನಾನು ಸೈಟಿನಲ್ಲಿ ಹಾಕಬಹುದಿತ್ತು. ಹಾಕಲಿಲ್ಲ. ಅದು ಅವನೇ ಹೇಳಬೇಕಾದ ಮಾತು. ಅಂಗಡಿಗೆ ಬಂದು ಇಷ್ಟು ದಿನದಿಂದ ಇದ್ದ ಸಾಲನ್ನು ಅಳಿಸಿ, "ನಾಳೆ ಶುಕ್ರವಾರ. ಖಚಿತ" ಎಂದು ಬರೆದೆ. ಐದು ನಿಮಿಷಕ್ಕೆ ಬಸ್ ನಿಲ್ದಾಣದಲ್ಲಿ ಪಟಾಕಿ ಹೊಡೆದರು.

ಮಾರನೆಯ ದಿನ ಟಾಕೀಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುಲಾಬಿ ಐಸು ಹಾಕಿದ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಮೂಗು ಮುಚ್ಚಿಕೊಂಡವರಿಗೆ, "ಇನ್ನ ಅರ್ಧ ಗಂಟೆ ತಡ್ಕಳ್ರಪ್ಪಾ, ಆಮೇಲೆ ನೀವೇ ಹುಡುಕ್ಕೊಂಡು ಬರ್ತೀರಿ" ಅನ್ನುತ್ತಿದ್ದಳು. ಕ್ಷೌರಿಕ ಕತ್ತರಿ ಬಾಚಣಿಗೆಯ ಚೀಲ ಸಮೇತ ಬಂದಿದ್ದ. ಅವನ ಅಕ್ಕಪಕ್ಕದ ಕುರ್ಚಿಗೆ ಪೈಪೋಟಿ ನಡೆದಿತ್ತು. ದೊಡ್ಡಮ್ಮ ರೇಷ್ಮೆ ಸೀರೆ ಉಟ್ಟು ನನ್ನ ಪಕ್ಕ ಕೂತಿದ್ದಳು. ಮುಖದಲ್ಲಿ ಎಂದಿನಂತೆ ಏನೂ ಇಲ್ಲ.

ಹತ್ತೂ ಇಪ್ಪತ್ತಕ್ಕೆ ಚಂದ್ರಹಾಸ ಪರದೆಯ ಮುಂದೆ ಬಂದು ನಿಂತ. ಪ್ಯಾಂಟಿನೊಳಗೆ ಅವನ ಮೊಣಕಾಲು ನಡುಗುವುದು ನಾಲ್ಕನೇ ಸಾಲಿನವರೆಗೂ ಕಾಣಿಸುತ್ತಿತ್ತು. "ಈ ಸಿನಿಮಾ ಬಂದು ಇಪ್ಪತ್ತೊಂದು ದಿನ ಆಯ್ತು. ನಾನೇ ಬಚ್ಚಿಟ್ಟಿದ್ದೆ. ನನ್ನ ಮದುವೆಗೆ ಒಬ್ಬರು ಇಲ್ಲ ಅಂತಾರೇನೋ ಅಂತ ಹೆದರಿಕೆ ಆಗಿತ್ತು. ತಪ್ಪಾಯ್ತು" ಎಂದ. ಅಷ್ಟೇ ಹೇಳಿದ್ದು.

ಆಮೇಲೆ ಗುಲಾಬಿ ಎದ್ದಳು. "ಲೇ ಚಂದ್ರಾಸಾ! ನಿನ್ನ ಮದುವೆಗೆ ನನ್ನ ಬುಟ್ಟಿ ಒಣಗಿಸಿದ್ಯೇನೋ? ನಿನ್ನ ಲಗ್ನದೂಟಕ್ಕೆ ಬೆಕ್ಕು ಬಂದು ಬಾಳೆಲೆ ಎಳೀಲಿ! ನೀನು ತುತ್ತೆತ್ತಿದಾಗೆಲ್ಲಾ ಮೀನಿನ ಮುಳ್ಳು ಸಿಗಲಿ!" ಎಂದು ಶುರು ಮಾಡಿದಳು. ಹಿಂದಿನಿಂದ ಕಡಲೆಕಾಯಿ ಸಿಪ್ಪೆ ಹಾರಿ ಬಂದು ಅವನ ಗಡ್ಡಕ್ಕೆ ಅಂಟಿಕೊಂಡವು. ಒಂದು ಚಪ್ಪಲಿಯೂ ಬಂತು, ಪುಣ್ಯಕ್ಕೆ ಪರದೆಗೆ ತಾಗಲಿಲ್ಲ. ಅವನು ಓಡಲಿಲ್ಲ. ಕಣ್ಣು ಮುಚ್ಚಿಕೊಂಡು ಅಲ್ಲೇ ನಿಂತಿದ್ದ. ಕೊನೆಗೆ ತಿಪ್ಪೇಸ್ವಾಮಿ ಮೇಷ್ಟ್ರು ಎದ್ದು ನಿಂತು, "ಮೊದಲು ಸಿನಿಮಾ ಹಾಕಪ್ಪ. ಬೈಯೋದಕ್ಕೆ ಶುಕ್ರವಾರ ಇದೆ, ಶನಿವಾರ ಇದೆ" ಎಂದರು. ಜನ ನಕ್ಕುಬಿಟ್ಟರು. ಅವನು ಮೆಟ್ಟಿಲು ಹತ್ತಿ ಹೋದ.

ದೀಪ ಆರಿತು. ಪರದೆಯ ಮೇಲೆ ಸೆನ್ಸಾರ್ ಸರ್ಟಿಫಿಕೇಟ್ ಮೂಡಿತು. ಟಾಕೀಸು ಒಟ್ಟಿಗೆ ಉಸಿರುಬಿಟ್ಟಿತು. "ಮೀನೋ... ತಾಜಾ ಮೀನೋ..." ಎಂದು ಕೂಗುತ್ತ ಗುಲಾಬಿ ಬಾಗಿಲು ದಾಟಿ ಓಡಿದ ಸದ್ದು ಬೀದಿಯವರೆಗೂ ಕೇಳಿಸಿತು. ನಾನು ಪರದೆ ನೋಡಲಿಲ್ಲ. ಕತ್ತಲಲ್ಲಿ ದೊಡ್ಡಮ್ಮ ಎರಡು ಸಲ ಗಂಟಲು ಸರಿಮಾಡಿಕೊಂಡಳು.

"ವಾರೀ" ಎಂದಳು. ಧ್ವನಿ ತುಕ್ಕು ಹಿಡಿದ ಚಿಲಕದ ಹಾಗಿತ್ತು. ಅದನ್ನು ಕೇಳಿದ್ದೇ ನನಗೆ ಅಳು ಬಂತು. "ಇಲ್ಲ ಅನ್ನೋಣ ಅಂತಿದ್ದೆ. ಪುಕ್ಕಲ ಅವನು, ನಿನ್ನನ್ನ ಕಟ್ಕೊಂಡು ಏನು ನಿಭಾಯಿಸ್ತಾನೆ ಅಂತ. ಇವತ್ತು ಅಷ್ಟು ಜನದ ಮುಂದೆ, ಕಾಲು ನಡುಗ್ತಾ ಇದ್ರೂ ನಿಂತ್ಕೊಂಡ್ನಲ್ಲ. ಅದಕ್ಕೇ ಹೂಂ ಅಂತಿದೀನಿ."

ನಲವತ್ತೊಂದು ದಿನ ಕಾದ ಹೂಂ ಸಿಕ್ಕಿತು. ಸಿಕ್ಕಿದ್ದನ್ನು ಇನ್ನೂ ಸರಿಯಾಗಿ ಹಿಡಿದುಕೊಂಡಿರಲಿಲ್ಲ, ಅವಳು ಮುಂದುವರಿಸಿದಳು. "ಆ ಬಾಕ್ಸ್ ವಿಷ್ಯ ನನಗೆ ಗೊತ್ತಿತ್ತು."

"ಯಾವಾಗಿಂದ?"

"ಅದು ಬಂದ ಮಾರನೇ ದಿನದಿಂದ. ಜಗಲಿ ಮೇಲೆ ಕೂತು ಅತ್ಕೊಂಡು ಹೇಳ್ದ. ಅಮ್ಮಾ ಬೈಯ್ರಿ ಅಂದ. ಹೇಗೆ ಬೈಯ್ಲಿ?"

"ನನ್ನ ಹತ್ರ ಯಾಕೆ ಹೇಳ್ಲಿಲ್ಲ ಅವನು?"

"ನಿನಗೆ ಹೇಳಿದ್ರೆ ನೀನು ಉತ್ತರ ಕೊಡ್ತಿದ್ಯಲ್ಲೇ" ಎಂದಳು.

ಮುಂದಿನ ಸಾಲಿನವರು ತಿರುಗಿ ಶ್ ಎಂದರು. ನಾನು ಧ್ವನಿ ಇಳಿಸಿದೆ. "ನೀನು ವ್ರತ ಮುರೀಬಹುದಿತ್ತು ದೊಡ್ಡಮ್ಮಾ. ಊರೆಲ್ಲಾ ಕಾಯ್ತಿತ್ತು. ನಾನು ಕಾಯ್ತಿದ್ದೆ."

ಅವಳು ಸುಮ್ಮನಾದಳು. ಮತ್ತೆ ಗುರುವಾರ ಬಂದುಬಿಟ್ಟಿತೇನೋ ಅಂತ ನನಗೆ ಭಯವಾಯಿತು. ಪರದೆಯ ಮೇಲೆ ಅಣ್ಣತಮ್ಮ ಖಾಲಿ ಕೊಟ್ಟಿಗೆಯಲ್ಲಿ ನಿಂತು ಒಬ್ಬರನ್ನೊಬ್ಬರು ನೋಡುತ್ತಿದ್ದರು.

"ಮುರೀಬಹುದಿತ್ತು" ಎಂದಳು ಕೊನೆಗೆ. "ನನಗೂ ಶುಕ್ರವಾರ ಬೇಕಿರಲಿಲ್ಲ ಕಣೇ. ಹೂಂ ಅಂದ್ರೆ ನೀನು ಎದ್ದು ಹೋಗ್ತೀಯ. ಇಲ್ಲ ಅಂದ್ರೆ ಮನೇಲಿದ್ದೂ ಇಲ್ಲದ ಹಾಗೆ ಇರ್ತೀಯ. ಎರಡೂ ಬೇಡ, ಹೀಗೇ ಇನ್ನೊಂದು ದಿನ ಇರಲಿ ಅಂತ ನಾನೂ ದಿನಾ ಬೆಳಗ್ಗೆ ಅಂದ್ಕೊಳ್ತಿದ್ದೆ."

"ಎರಡು ಬೀದಿ ಆಚೆ ದೊಡ್ಡಮ್ಮಾ ಅವನ ಕೋಣೆ!"

"ಎರಡು ಬೀದಿ ಆದ್ರೇನು, ಎರಡು ಸಮುದ್ರ ಆದ್ರೇನು? ಬೆಳಗ್ಗೆ ಕಾಫಿ ಕುಡೀತಾ ಯಾರ ಹತ್ರ ಮಾತಾಡ್ಲಿ ನಾನು? ನೀನು ಹೋದ್ಮೇಲೆ ನನಗೆ ಏಳೂ ದಿನ ಗುರುವಾರಾನೇ."

ನಲವತ್ತೊಂದು ದಿನ ಅವಳ ಎದುರು ಕೂತು ಉಂಡಿದ್ದೆ. ಸೈಟಿನ ಬಣ್ಣ, ಅಕ್ಷರದ ಅಳತೆ, ಊರವರ ಗಡ್ಡ ಎಲ್ಲದರ ಬಗ್ಗೆ ಹೇಳಿದ್ದೆ. ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ನಾನು ಎಲ್ಲೂ ಹೋಗಲ್ಲ. ಅವನೇ ನಮ್ಮನೆಗೆ ಬಂದು ಇರ್ತಾನೆ. ಮೊದಲಿಂದ ನಾವಿಬ್ರೂ ಹಾಗೇ ಅಂದ್ಕೊಂಡಿರೋದು" ಎಂದೆ.

ದೊಡ್ಡಮ್ಮ ಕುರ್ಚಿಯಲ್ಲಿ ಪೂರ್ತಿ ನನ್ನ ಕಡೆ ತಿರುಗಿದಳು. ಕೈ ಬಿಡಿಸಿಕೊಂಡು, ನನ್ನ ತೊಡೆಯನ್ನು ರಕ್ತ ಬರುವ ಹಾಗೆ ಚಿವುಟಿ, ಇಡೀ ಟಾಕೀಸಿಗೆ ಕೇಳುವಂತೆ ಹೇಳಿದಳು: "ಅದನ್ನ ಬಾಯಿ ಬಿಟ್ಟು ಹೇಳೋಕೆ ನಿನಗೇನಾಗಿತ್ತೇ? ಮೌನವ್ರತ ಹಿಡಿದಿದ್ದೋಳು ನಾನು ಕಣೇ, ನೀನಲ್ಲ!"